ಒಂದು ಸಂಖ್ಯೆಗೆ ಸಾವಿರ ಮುಯ್ಯಾಳು



ಕೋಲಾರದಿಂದ ಮುಳಬಾಗಿಲಿನ ಕಡೆಗೆ ಬಸ್ಸಿನಲ್ಲಿ ಹೊರಟರೆ ದಾರಿಯಲ್ಲಿ ದೇವರಾಯಸಮುದ್ರ ಎಂಬ ಊರು ಸಿಗುತ್ತದೆ. ಅಲ್ಲಿ ಕಡಲೇನೂ ಇಲ್ಲ. ದೊಡ್ಡ ಕೆರೆಯನ್ನೇ ನಮ್ಮ ಹಿರಿಯರು ಸಮುದ್ರವೆಂದು ಕರೆದರು. ಮಳೆಯನ್ನೇ ನಂಬಿದ ಈ ಸೀಮೆಯ ರೈತರಲ್ಲಿ ಮುಯ್ಯಾಳು ಎಂಬ ಪದ್ಧತಿ ಉಂಟು. ಇಂದು ನಿಮ್ಮ ಹೊಲದ ಕಳೆಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ. ಕೂಲಿ ಇಲ್ಲ, ಲೆಕ್ಕ ಮಾತ್ರ ಇದೆ. ಸಾಲು ಹಿಡಿದು ಕೂತವರಲ್ಲಿ ಯಾರ ಸಾಲು ಮುಂದೆ ಎಂಬ ನಗೆಮಾತಿನ ಪೈಪೋಟಿಯೂ ಇರುತ್ತದೆ. ಗಣಕಯಂತ್ರಗಳೂ ಹೀಗೆಯೇ ಮುಯ್ಯಾಳಿಗೆ ಹೋದ ಚರಿತ್ರೆಯೊಂದಿದೆ. ಅದನ್ನು ಕೇಳಿ.

ಅಪವರ್ತನ ನಿಮಗೆ ಗೊತ್ತು. 15ನ್ನು 3 ಮತ್ತು 5 ಎಂದು ಒಡೆಯುವುದು. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು: 11111111. ಈಗ ಇದನ್ನೇ ಹಿಂದುಮುಂದು ಮಾಡಿ. ಎಂಟು ಒಂದುಗಳನ್ನು ನಿಮ್ಮ ಕೈಗೆ ಕೊಟ್ಟು ಒಡೆಯಿರಿ ಎಂದರೆ? 11, 73, 101, 137 ಎಂದು ಕಂಡುಹಿಡಿಯಲು ಒಂದು ಸಂಜೆ ಬೇಕಾದೀತು. ಎಂಬತ್ತು ಒಂದುಗಳಾದರೆ ಕಾಗದವೇ ಸಾಲದು.

ಇಂಥ ಸಂಖ್ಯೆಗಳನ್ನು ಹಟ ಹಿಡಿದು ಒಡೆದವರಲ್ಲಿ ಒಬ್ಬರು ನಮ್ಮ ದೇಶದಲ್ಲೇ ಹುಟ್ಟಿದವರು. ಅಲನ್ ಕನ್ನಿಂಗ್‌ಹ್ಯಾಮ್ 1842ರಲ್ಲಿ ದೆಹಲಿಯಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಭಾರತೀಯ ಪುರಾತತ್ವ ಇಲಾಖೆಯ ಮೂಲಪುರುಷ. ತಂದೆ ಹಳೆಯ ಸ್ತೂಪಗಳನ್ನು ಅಗೆದರೆ, ಸೈನ್ಯದಲ್ಲಿ ಇಂಜಿನಿಯರಾಗಿದ್ದು ರೂರ್ಕಿಯ ಕಾಲೇಜಿನಲ್ಲಿ ಗಣಿತ ಕಲಿಸಿದ ಮಗ ಸಂಖ್ಯೆಗಳನ್ನು ಅಗೆದರು. 2, 3, 10, 12 ಮೊದಲಾದ ಸಂಖ್ಯೆಗಳ ಘಾತಕ್ಕೆ ಒಂದನ್ನು ಕೂಡಿಸಿ ಅಥವಾ ಕಳೆದು ಬರುವ ಸಂಖ್ಯೆಗಳ ಅಪವರ್ತನಗಳನ್ನು ವುಡಾಲ್ ಎಂಬುವರೊಡನೆ ಸೇರಿ 1925ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅದರಲ್ಲಿ ತುಂಬದೆ ಉಳಿದ ಜಾಗಗಳು ಬಹಳ. ಆ ಖಾಲಿ ಜಾಗಗಳನ್ನು ತುಂಬುವ ಕೆಲಸ ಒಂದು ಶತಮಾನ ಕಳೆದರೂ ಮುಗಿದಿಲ್ಲ.

ಒಬ್ಬನೇ ಕೂತು ಒಡೆಯುವ ಕಷ್ಟವೆಷ್ಟು? 2ರ 67ನೆಯ ಘಾತದಿಂದ ಒಂದನ್ನು ಕಳೆದ ಸಂಖ್ಯೆಯನ್ನು 1903ರಲ್ಲಿ ಅಮೆರಿಕದ ಕೋಲ್ ಎಂಬ ಗಣಿತಜ್ಞ ಒಡೆದು ತೋರಿಸಿದರು. ಎಷ್ಟು ಕಾಲ ಹಿಡಿಯಿತೆಂದು ಕೇಳಿದ್ದಕ್ಕೆ ಮೂರು ವರ್ಷಗಳ ಭಾನುವಾರಗಳು ಎಂದರಂತೆ.

ಹಾಗಾದರೆ ಹಲವರು ಹಂಚಿಕೊಳ್ಳುವುದು ಹೇಗೆ? 8051ನ್ನು ತೆಗೆದುಕೊಳ್ಳಿ. ಅದಕ್ಕಿಂತ ತುಸು ದೊಡ್ಡ ವರ್ಗ 90ರದು, ಅಂದರೆ 8100. ವ್ಯತ್ಯಾಸ 49. ಅದೂ 7ರ ವರ್ಗ! ಆದ್ದರಿಂದ 8051 ಎಂದರೆ 90 ಕೂಡಿಸು 7, ಗುಣಿಸು 90 ಕಳೆ 7. ಅಂದರೆ 97 ಗುಣಿಸು 83. ದೊಡ್ಡ ಸಂಖ್ಯೆಗಳಲ್ಲಿ ಇಂಥ ಅದೃಷ್ಟ ಒಂದೇ ಏಟಿಗೆ ಸಿಗುವುದಿಲ್ಲ. ಚಿಕ್ಕ ಅವಿಭಾಜ್ಯಗಳಾಗಿ ಒಡೆಯುವ ಲಕ್ಷಾಂತರ ಶೇಷಗಳನ್ನು ಜರಡಿ ಹಿಡಿದು ಕೂಡಿಹಾಕಿ, ಅವುಗಳಲ್ಲಿ ತಕ್ಕವನ್ನು ಆಯ್ದು ಗುಣಿಸಿ ವರ್ಗ ಕಟ್ಟಬೇಕು. ಕೂಡಿಹಾಕುವ ಕೆಲಸವನ್ನು ಹೊಲದ ಸಾಲಿನಂತೆ ಹಂಚಬಹುದು. ಈ ಯಂತ್ರ ಇಲ್ಲಿಂದ ಇಲ್ಲಿಯವರೆಗೆ, ಆ ಯಂತ್ರ ಅಲ್ಲಿಂದ ಅಲ್ಲಿಯವರೆಗೆ. ಒಬ್ಬರಿಗೊಬ್ಬರು ಕಾಯಬೇಕಿಲ್ಲ. ಲೆನ್‌ಸ್ಟ್ರಾ ಮತ್ತು ಮನಾಸೆ ಎಂಬ ಇಬ್ಬರು ವಿದ್ಯುನ್ಮಾನ ಅಂಚೆಯ ಮೂಲಕ ಕೆಲಸ ಹಂಚಿ, 1988ರಲ್ಲಿ ನೂರು ಅಂಕಿಗಳ ಸಂಖ್ಯೆಯೊಂದನ್ನು ಒಡೆಸಿದರು.

ಇದು ಬರೀ ವಿನೋದವೇ ಎಂದು ನೀವು ಕೇಳಬಹುದು. ಅಲ್ಲ. ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ ಒಂದು ಗುಪ್ತಲಿಪಿಯನ್ನು ರಚಿಸಿದರು. ದೊಡ್ಡ ಸಂಖ್ಯೆಯನ್ನು ಒಡೆಯಲಾಗದು ಎಂಬುದೇ ಅದರ ಬೀಗ. ಬ್ಯಾಂಕಿನ ವ್ಯವಹಾರಗಳಿಗೂ ಮುಂದೆ ಇಂಥದೇ ಬೀಗ ಬಂತು. ಆ ವರ್ಷದ ಆಗಸ್ಟ್‌ನಲ್ಲಿ ಮಾರ್ಟಿನ್ ಗಾರ್ಡ್‌ನರ್ ಅವರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಅಂಕಣದಲ್ಲಿ 129 ಅಂಕಿಗಳ ಸಂಖ್ಯೆಯೊಂದನ್ನು ಅಚ್ಚು ಮಾಡಿದರು. ಒಡೆದವರಿಗೆ 100 ಡಾಲರ್ ಬಹುಮಾನ. ಇದಕ್ಕೆ ಹಿಡಿಯಬಹುದೆಂದು ಅಂದಾಜು ಮಾಡಿದ ಕಾಲ 4ರ ಮುಂದೆ 16 ಸೊನ್ನೆ ಹಾಕಿದಷ್ಟು ವರ್ಷ!

ಹದಿನೇಳು ವರ್ಷಕ್ಕೇ ಬೀಗ ಬಿತ್ತು. ಆಟ್ಕಿನ್ಸ್, ಗ್ರಾಫ್, ಲೆನ್‌ಸ್ಟ್ರಾ, ಲೇಲ್ಯಾಂಡ್ ಎಂಬ ನಾಲ್ವರು ಕರೆ ಕೊಟ್ಟಾಗ ಸುಮಾರು 600 ಸ್ವಯಂಸೇವಕರು, ಸುಮಾರು 1600 ಯಂತ್ರಗಳು ಒದಗಿದವು. ಅವುಗಳಲ್ಲಿ ಎರಡು ಫ್ಯಾಕ್ಸ್ ಯಂತ್ರಗಳೂ ಇದ್ದವಂತೆ. ಎಂಟು ತಿಂಗಳ ಜರಡಿಯ ಬಳಿಕ ಒಂದು ದೊಡ್ಡ ಗಣಕ ಸುಮಾರು 45 ಗಂಟೆ ದುಡಿದು ಕೊನೆಯ ಜೋಡಣೆ ಮಾಡಿತು. 1994ರ ಏಪ್ರಿಲ್‌ನಲ್ಲಿ ಉತ್ತರ ಹೊರಬಿತ್ತು. ಆ ಹೊತ್ತಿಗೆ ನಮ್ಮಲ್ಲಿ ಅಂತರ್ಜಾಲ ಜನಸಾಮಾನ್ಯರಿಗೆ ದೊರೆತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವೇ ಸಂಸ್ಥೆಗಳು ಎರ್ನೆಟ್ ಜಾಲದಲ್ಲಿದ್ದವು. ಸಾರ್ವಜನಿಕರಿಗೆ ಅದು ತೆರೆದದ್ದು 1995ರ ಆಗಸ್ಟ್ 15ರಂದು. ಮುಳಬಾಗಿಲಿನ ಹುಡುಗನೊಬ್ಬನಿಗೆ ಅಂದು ಆ ಮುಯ್ಯಾಳಿಗೆ ಹೋಗಬೇಕೆಂಬ ಆಸೆಯಿದ್ದರೂ ದಾರಿಯಿರಲಿಲ್ಲ.

ಮುಂದೆ ಇದಕ್ಕೆ ಪಂದ್ಯದ ರೂಪ ಬಂತು. ಬರ್ಕ್ಲಿಯಲ್ಲಿ ತಯಾರಾದ ಬೋಯಿಂಕ್ ಎಂಬ ತಂತ್ರಾಂಶ ಸುಮ್ಮನೆ ಕೂತ ಗಣಕಕ್ಕೆ ಕೆಲಸ ಕೊಟ್ಟು, ಮುಗಿಸಿದ್ದಕ್ಕೆ ಅಂಕ ಹಾಕುತ್ತದೆ. ಕನ್ನಿಂಗ್‌ಹ್ಯಾಮ್ ಪಟ್ಟಿಯ ಸಂಖ್ಯೆಗಳಿಗಾಗಿ 2009ರಲ್ಲಿ ಎನ್‌ಎಫ್‌ಎಸ್ ಅಟ್ ಹೋಮ್ ಎಂಬ ಯೋಜನೆ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ದೇಶದ ಹೆಸರಿನ ತಂಡ, ಕಾಲೇಜಿನ ತಂಡ, ಗೆಳೆಯರ ತಂಡ ಎಲ್ಲವೂ ಇವೆ. ಜರ್ಮನಿಯ ತಂಡವೊಂದು 2010ರಿಂದ ಐದು ಯೋಜನೆಗಳ ಪಂದ್ಯಾವಳಿಯನ್ನೇ ಏರ್ಪಡಿಸಿತು. ಅಲ್ಲೊಂದು ಜಾಣತನವಿದೆ. ಮುಗಿದ ಕೆಲಸವನ್ನು ಕಳುಹಿಸದೆ ಬಚ್ಚಿಟ್ಟುಕೊಂಡು, ಎದುರಾಳಿ ಮೈಮರೆತಾಗ ಒಟ್ಟಿಗೆ ಸುರಿಯುವುದು. ಕಬಡ್ಡಿ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕರೆಂಟಿನ ಬಿಲ್ಲು ಮಾತ್ರ ಅವರವರದೇ.

ಅಂಕಗಳಿದ್ದಲ್ಲಿ ಕಳ್ಳಲೆಕ್ಕವೂ ಬರುತ್ತದೆ. ಅನ್ಯಲೋಕದ ಸಂಕೇತ ಹುಡುಕುವ ಯೋಜನೆಯಲ್ಲಿ ತಂತ್ರಾಂಶ ತಿದ್ದಿ ಅಂಕ ಹೊಡೆದವರಿದ್ದರು. ಹಾಗಾಗಿ ಒಂದೇ ಕೆಲಸವನ್ನು ಇಬ್ಬರಿಗೆ ಕೊಟ್ಟು ತಾಳೆ ನೋಡುವ ಕ್ರಮ ಬಂತು. ಅಪವರ್ತನದಲ್ಲಿ ಕಳ್ಳನಿಗೆ ಅಷ್ಟು ಅವಕಾಶವಿಲ್ಲ. ಕೊಟ್ಟ ಶೇಷ ಸರಿಯೋ ತಪ್ಪೋ ಎಂಬುದು ಒಂದು ಗುಣಾಕಾರದಿಂದ ತಿಳಿಯುತ್ತದೆ. ನನಗೆ ಇನ್ನೂ ಹಿಡಿಸಿದ್ದು ಬೇರೊಂದು ಸಂಗತಿ. ಅತಿ ದೊಡ್ಡ ಅವಿಭಾಜ್ಯಗಳನ್ನು ಹುಡುಕುವ ಯೋಜನೆಯಲ್ಲಿ ಸಾವಿರಾರು ಜನ ದುಡಿದರೂ ಯಾರ ಯಂತ್ರಕ್ಕೆ ಸಿಕ್ಕಿತೋ ಅವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಜರಡಿಯಲ್ಲಿ ಹಾಗಲ್ಲ. ಉತ್ತರ ಯಾರೊಬ್ಬನ ಯಂತ್ರದಲ್ಲೂ ಇರುವುದಿಲ್ಲ. ಗೆದ್ದ ತಂಡದ ಕಾಳೂ ಸೋತ ತಂಡದ ಕಾಳೂ ಒಂದೇ ಕಣಜಕ್ಕೆ ಬೀಳುತ್ತವೆ.

ನಿಮ್ಮ ಕೈಯಲ್ಲಿರುವ ಕ್ಯಾಲ್ಕುಲೇಟರಿಗೂ ಈ ಚರಿತ್ರೆ ಬಂದು ಮುಟ್ಟಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಕ್ಯಾಲ್ಕುಲೇಟರಿಗೆ ಹಾಕಿದ್ದ 512 ಬಿಟ್ಟಿನ ಬೀಗವನ್ನು 2009ರಲ್ಲಿ ಹವ್ಯಾಸಿಯೊಬ್ಬ ಒಂದೇ ಗಣಕದಿಂದ 73 ದಿನಗಳಲ್ಲಿ ಒಡೆದ. ಉಳಿದ ಮಾದರಿಗಳ ಬೀಗಗಳಿಗೆ ಸ್ವಯಂಸೇವಕರು ಗುಂಪಾಗಿ ಕೈಹಾಕಿದರು, ಕೆಲವೇ ವಾರಗಳಲ್ಲಿ ಅವೂ ಬಿದ್ದವು. ಕಂಪನಿ ಕಾನೂನಿನ ನೋಟೀಸು ಕಳುಹಿಸಿತು. ಆದರೆ ಒಡೆದ ಸಂಖ್ಯೆಯನ್ನು ಮತ್ತೆ ಬೆಸೆಯಲು ಯಾರಿಗೂ ಬರುವುದಿಲ್ಲ. 2020ರಲ್ಲಿ 250 ಅಂಕಿಗಳ ಸಂಖ್ಯೆಯೂ ಒಡೆಯಿತು. ಇಂದಿನ ಬೀಗಗಳು ಸಾಮಾನ್ಯವಾಗಿ 600 ಅಂಕಿಗಳನ್ನು ಮೀರಿದವು.

ಗಣಕವಿಲ್ಲದೆಯೂ ನಿಮ್ಮ ತರಗತಿಯಲ್ಲಿ ಇದನ್ನು ಆಡಬಹುದು. ಕೋಲಾರದ ಪಿನ್ ಕೋಡ್ 563101. ಅದು 7, 11, 71, 103 ಎಂದು ಒಡೆಯುತ್ತದೆ, ಗುಣಿಸಿ ನೋಡಿ. ಮುಳಬಾಗಿಲಿನದು 563131. ಇದರ ವರ್ಗಮೂಲ 750ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳು 132. ನಲವತ್ತನಾಲ್ಕು ಮಂದಿ ಇದ್ದರೆ ತಲೆಗೆ ಮೂರು ಭಾಗಾಕಾರ. ತರಗತಿಯನ್ನು ಎರಡು ತಂಡ ಮಾಡಿ, ಒಬ್ಬರ ಭಾಗಾಕಾರವನ್ನು ಇನ್ನೊಬ್ಬರು ತಾಳೆ ನೋಡಿ.