ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮಾರ್ಗ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮಾರ್ಗವು ಕರ್ನಾಟಕದ ರಾಜಧಾನಿ ಬೆಂಗಳೂರನ್ನು ಅಮೇರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ನಗರದೊಂದಿಗೆ ಜೋಡಿಸುವ ವಾಯುಮಾರ್ಗವಾಗಿದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ಕನಿಷ್ಠ ದೂರ ಸುಮಾರು 13,990 ಕಿ.ಮೀ. ತಡೆರಹಿತ ಪ್ರಯಾಣಕ್ಕೆ ದಿಕ್ಕನ್ನು ಅನುಸರಿಸಿ ಸುಮಾರು 16ರಿಂದ 18 ಗಂಟೆಗಳು ಬೇಕಾಗುತ್ತವೆ. ನಡುವೆ ವಿಮಾನ ಬದಲಿಸಿದರೆ ಒಟ್ಟು ಅವಧಿ ಸಾಮಾನ್ಯವಾಗಿ 20 ಗಂಟೆಗಳನ್ನು ಮೀರುತ್ತದೆ.

ದೂರ

ಗೋಳದ ಮೇಲಿನ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಮಹಾವೃತ್ತ ಮಾರ್ಗ ಎನ್ನುತ್ತಾರೆ. ಈ ಎರಡು ನಗರಗಳ ರೇಖಾಂಶಗಳ ಅಂತರ ಸುಮಾರು 160 ಡಿಗ್ರಿ. ಆದ್ದರಿಂದ ಮಹಾವೃತ್ತವು ಹಿಮಾಲಯ, ಟಿಬೆಟ್, ಸೈಬೀರಿಯ ಮತ್ತು ಅಲಾಸ್ಕಗಳ ಮೇಲೆ ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟುತ್ತದೆ.

ವಿಮಾನಗಳು ಈ ರೇಖೆಯನ್ನು ಯಥಾವತ್ತಾಗಿ ಅನುಸರಿಸುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಸುಮಾರು 3,000 ಮೀಟರ್ ಎತ್ತರಕ್ಕೆ ಬೇಗನೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿನಷ್ಟಿರುವುದರಿಂದ ಅಲ್ಲಿ ಅದು ಸಾಧ್ಯವಿಲ್ಲ. ಇದರೊಂದಿಗೆ ಗಾಳಿ, ಹವಾಮಾನ ಮತ್ತು ವಾಯುಪ್ರದೇಶದ ನಿರ್ಬಂಧಗಳೂ ಸೇರಿ ಹಾರುವ ದೂರ ಹೆಚ್ಚುತ್ತದೆ.

ಪ್ರಯಾಣದ ಅವಧಿ

ಮಧ್ಯ ಅಕ್ಷಾಂಶಗಳಲ್ಲಿ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹಗಳು ಬೀಸುತ್ತವೆ. ಬೆಂಗಳೂರಿನಿಂದ ಪೆಸಿಫಿಕ್ ಸಾಗರದ ಮೇಲೆ ಪೂರ್ವಾಭಿಮುಖವಾಗಿ ಹೋಗುವ ವಿಮಾನಕ್ಕೆ ಇವುಗಳ ನೆರವು ದೊರೆಯುತ್ತದೆ. ಮರಳುವಾಗ ಎದುರುಗಾಳಿಯನ್ನು ತಪ್ಪಿಸಲು ಧ್ರುವದ ಸಮೀಪದ ದಾರಿಯನ್ನು ಆರಿಸುವುದುಂಟು.

ಧ್ರುವ ಪ್ರದೇಶದ ಹಾರಾಟ

ಅಮೇರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಎ ಇಂಧನದ ಹೆಪ್ಪುಗಟ್ಟುವ ಬಿಂದು −40 ಡಿಗ್ರಿ ಸೆಲ್ಸಿಯಸ್. ಇಂಧನ ಅತಿಯಾಗಿ ತಣಿದರೆ ಪೈಲಟ್‌ಗಳು ವಿಮಾನವನ್ನು ಬೆಚ್ಚಗಿನ ಸ್ತರಕ್ಕೆ ಇಳಿಸುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ. ಭೂಸ್ಥಿರ ಉಪಗ್ರಹಗಳ ಸಂಪರ್ಕ ಧ್ರುವದ ಬಳಿ ದೊರೆಯದು. ಎರಡು ಎಂಜಿನ್‌ಗಳ ವಿಮಾನವು, ಒಂದು ಎಂಜಿನ್ ನಿಂತರೂ ನಿಗದಿತ ಸಮಯದೊಳಗೆ ತಲುಪಬಹುದಾದ ನಿಲ್ದಾಣವೊಂದು ಸದಾ ಲಭ್ಯವಿರುವಂತೆ ದಾರಿಯನ್ನು ಯೋಜಿಸಿಕೊಳ್ಳಬೇಕು. 2023ರ ಜೂನ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವು ಎಂಜಿನ್ ದೋಷದಿಂದಾಗಿ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿದಿತ್ತು.

ಮೊದಲ ತಡೆರಹಿತ ಹಾರಾಟ

ಏರ್ ಇಂಡಿಯಾ ಸಂಸ್ಥೆಯು ಬೋಯಿಂಗ್ 777-200ಎಲ್‌ಆರ್ ವಿಮಾನದೊಂದಿಗೆ ಈ ಸೇವೆಯನ್ನು ಆರಂಭಿಸಿತು. ಮೊದಲ ವಿಮಾನವು 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, ಜನವರಿ 11ರ ಮುಂಜಾನೆ ಬೆಂಗಳೂರನ್ನು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಪೈಲಟ್‌ಗಳ ತಂಡದಲ್ಲಿದ್ದವರೆಲ್ಲರೂ ಮಹಿಳೆಯರು.

ಕಾಲವಲಯ

ಭಾರತೀಯ ಕಾಲಮಾನವು ಸ್ಯಾನ್ ಫ್ರಾನ್ಸಿಸ್ಕೊದ ಸಮಯಕ್ಕಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಮುಂದಿರುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಟು 16 ಗಂಟೆ ಹಾರಿದವರು ಸ್ಯಾನ್ ಫ್ರಾನ್ಸಿಸ್ಕೊವನ್ನು ಅಲ್ಲಿನ ಸಮಯದಂತೆ ಅದೇ ದಿನ ಸಂಜೆ 4.30ಕ್ಕೆ ತಲುಪುತ್ತಾರೆ. ಟಿಕೆಟ್‌ನಲ್ಲಿ ನಿರ್ಗಮನ ಮತ್ತು ಆಗಮನಗಳೆರಡನ್ನೂ ಆಯಾ ಊರಿನ ಸಮಯದಲ್ಲಿ ನಮೂದಿಸುವುದರಿಂದ, ನಿಜವಾದ ಅವಧಿಯನ್ನು ತಿಳಿಯಲು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.