ಬೆಟ್ಟದ ಹೂವಿಗೆ ಹೊರಿಸಿದ ಹೊರೆ

ಹತ್ತನೇ ತರಗತಿಗೆ ಎರಡನೇ ಮಹಾಯುದ್ಧದ ಪಾಠ ಮಾಡುವಾಗ ನನ್ನದೊಂದು ರೂಢಿಯ ಮಾತಿತ್ತು: “ಜಪಾನಿನ ವೀರರು ಚೆರ್ರಿ ಹೂಗಳಂತೆ ನಗುನಗುತ್ತಾ ಉದುರಿದರು.” ಒಂದು ವರ್ಷ ಹೀಗೆ ಹೇಳಿ ತಲೆಯೆತ್ತಿದರೆ, ಕೊನೆಯ ಬೆಂಚಿನ ಹುಡುಗಿಯೊಬ್ಬಳ ಕಣ್ಣಲ್ಲಿ ನೀರು. ಅವಳ ಅಣ್ಣ ಸೈನ್ಯದಲ್ಲಿದ್ದ. “ಅವರಿಗೆ ಮನೇಲಿ ಯಾರೂ ಇರಲಿಲ್ವಾ ಟೀಚರ್?” ಎಂದಳು. ನನ್ನ ಬಾಯಿ ಕಟ್ಟಿತು. ಆ ಹೂವಿನ ಚರಿತ್ರೆಯನ್ನು ನಾನು ಓದತೊಡಗಿದ್ದು ಆಮೇಲೆಯೇ.

ಅದರ ಹೆಸರು ಯಾಮಾಜಾಕುರಾ. ಎಂದರೆ ಬೆಟ್ಟದ ಚೆರ್ರಿ. ಕಾಡಿನಲ್ಲಿ ಬೀಜದಿಂದ ತಾನಾಗಿ ಹುಟ್ಟುವ ಮರ. ಬಿಳಿ, ನಸುಗುಲಾಬಿ ಹೂಗಳ ಜೊತೆಗೇ ತಾಮ್ರದ ಬಣ್ಣದ ಚಿಗುರು, ನಮ್ಮ ಮಾವಿನ ಚಿಗುರಿನ ಹಾಗೆ. ಇಂದು ಜಪಾನಿನ ಊರೂರಲ್ಲಿ ಕಾಣುವ ಸೊಮೇಯ್ ಯೋಶಿನೊ ಬೇರೆ. ಅದು 19ನೇ ಶತಮಾನದ ಕೊನೆಯಲ್ಲಿ ಹರಡಿದ ಕಸಿಮರ; ಎಲ್ಲವೂ ಒಂದೇ ತಳಿಯಾದ್ದರಿಂದ ಒಟ್ಟಿಗೇ ಅರಳಿ ಒಟ್ಟಿಗೇ ಉದುರುತ್ತವೆ. ಬೆಟ್ಟದ ಚೆರ್ರಿಯಲ್ಲಿ ಒಂದೊಂದು ಮರಕ್ಕೂ ತನ್ನದೇ ಬಣ್ಣ, ತನ್ನದೇ ಗಳಿಗೆ. ಭಕ್ತರು ಶತಮಾನಗಳಿಂದ ದೇವರಿಗೆಂದು ನೆಟ್ಟು ಕಾಪಾಡಿದ ಯೋಶಿನೊ ಬೆಟ್ಟದಲ್ಲಿ ಹೂವು ತಪ್ಪಲಿನಿಂದ ನೆತ್ತಿಗೆ ನಿಧಾನವಾಗಿ ಹತ್ತುತ್ತಾ ಹೋಗುತ್ತದೆ.

ಈ ಮರವನ್ನು ಮನಸಾರೆ ಪ್ರೀತಿಸಿದವರು ಮತ್ಸುಸಾಕಾ ಊರಿನ ವೈದ್ಯ, ವಿದ್ವಾಂಸ ಮೊತೊಓರಿ ನೊರಿನಾಗಾ (1730–1801). 1790ರಲ್ಲಿ ತಮ್ಮ ಚಿತ್ರವನ್ನು ತಾವೇ ಬರೆದು, ಅದರ ಮೇಲೆ ಜಪಾನೀಯರ ಮನಸ್ಸನ್ನು ಈ ಹೂವಿಗೆ ಹೋಲಿಸಿ ಪುಟ್ಟ ಪದ್ಯ ಬರೆದರು. ಅದರಲ್ಲಿ ಬೆಳಗಿನ ಬಿಸಿಲಿದೆ, ಪರಿಮಳವಿದೆ. ಸಾವಿನ ಮಾತೇ ಇಲ್ಲ. ತಮ್ಮ ಸಮಾಧಿಯ ಮೇಲೆ ಈ ಮರವನ್ನೇ ನೆಡಬೇಕೆಂದು ಬರೆದಿಟ್ಟರು.

ಸಾವನ್ನು ಸೇರಿಸಿದವರು ಆಮೇಲಿನವರು. ಸೈನಿಕನೆಂದರೆ ಉದುರುವ ಹೂವು ಎಂಬ ಹೋಲಿಕೆ ಹಾಡಿಗೆ ಬಂತು, ಶಾಲೆಗೆ ಬಂತು. 1933ರಲ್ಲಿ ಒಂದನೇ ತರಗತಿಗೆ ಬಂದ ಸರ್ಕಾರಿ ಪಠ್ಯಪುಸ್ತಕ ಶುರುವಾಗುವುದು ಚೆರ್ರಿ ಹೂ ಅರಳುವುದರಿಂದ. ಕೆಲವೇ ಪುಟ ತಿರುವಿದರೆ ಸೈನಿಕರ ನಡಿಗೆ. ಮೇಷ್ಟರಾದ ನಮ್ಮ ಕೈಯಲ್ಲಿ ಏನೇನಿದೆ ಎಂದು ನನಗೆ ಭಯವಾದದ್ದು ಇಲ್ಲಿಯೇ. 1944ರ ಅಕ್ಟೋಬರ್‌ನಲ್ಲಿ ಫಿಲಿಪೈನ್ಸ್‌ನಲ್ಲಿ ಮೊದಲ ಆತ್ಮಾಹುತಿ ವಿಮಾನ ತಂಡಗಳನ್ನು ಕಟ್ಟಿದಾಗ, ನೊರಿನಾಗಾ ಅವರ ಪದ್ಯದಿಂದಲೇ ಪದಗಳನ್ನು ಆಯ್ದು ನಾಲ್ಕು ತಂಡಗಳಿಗೆ ಹೆಸರಿಟ್ಟರು. ಅದರಲ್ಲೊಂದು ಯಾಮಾಜಾಕುರಾ. ತನ್ನ ಗಳಿಗೆಗೆ ತಾನು ಅರಳುವ ಮರದ ಹೆಸರು, ಅಪ್ಪಣೆಯಂತೆ ಒಟ್ಟಿಗೆ ಸಾಯಬೇಕಾದ ಹುಡುಗರಿಗೆ!

1945ರ ವಸಂತದಲ್ಲಿ ದಕ್ಷಿಣದ ಚಿರಾನ್ ವಿಮಾನ ನೆಲೆಯಲ್ಲಿ ಇಂಥ ಹುಡುಗರ ಬಟ್ಟೆ ಒಗೆದು ಹೊಲಿದುಕೊಟ್ಟವರು ಅಲ್ಲಿನ ಶಾಲಾ ಹುಡುಗಿಯರು. ವಿಮಾನ ಹೊರಡುವಾಗ ಚೆರ್ರಿ ಕೊಂಬೆ ಬೀಸಿ ಬೀಳ್ಕೊಟ್ಟವರೂ ಅವರೇ. ಹೆಚ್ಚುಕಡಿಮೆ ನನ್ನ ತರಗತಿಯ ಹುಡುಗಿಯರ ವಯಸ್ಸು. ಆ ಹುಡುಗರು ಮನೆಗೆ ಬರೆದ ಕೊನೆಯ ಪತ್ರಗಳು ಚಿರಾನ್‌ನ ವಸ್ತುಸಂಗ್ರಹಾಲಯದಲ್ಲಿವೆ. ಎಷ್ಟೋ ಪತ್ರಗಳು ಅಮ್ಮನಿಗೆ.

ಹೂವು ಉದುರಿದ ಮೇಲೆ ಬೆಟ್ಟದ ಚೆರ್ರಿಯಲ್ಲಿ ಪುಟ್ಟ ಕಪ್ಪು ಹಣ್ಣು ಬಿಡುತ್ತದೆ. ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಹೋಲಿಕೆ ಕಟ್ಟಿದವರಿಗೆ ಹಣ್ಣಿನ ನೆನಪಾಗಲಿಲ್ಲ. ಇಷ್ಟು ವರ್ಷ ನನಗೂ ಆಗಲಿಲ್ಲ.

ಈಗ ಆ ಪಾಠ ಬಂದಾಗ ಹಳೆಯ ಮಾತು ಹೇಳುವುದಿಲ್ಲ. ಅವರಿಗೆ ಮನೆಯಲ್ಲಿ ಅಮ್ಮ, ಅಕ್ಕ, ತಂಗಿ ಇದ್ದರು ಎಂದು ಮೊದಲು ಹೇಳುತ್ತೇನೆ. ಹೂವಿನ ಮಾತು ಆಮೇಲೆ.