ರೆಕ್ಕೆ ಬಡಿಯದ ಹಾರಾಟ: ಹದ್ದು ಮನುಷ್ಯನಿಗೆ ಕಲಿಸಿದ ಪಾಠ

ಇವತ್ತು ಕತೆ ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಬಸ್ಸಲ್ಲಿದ್ದರೆ ಕಿಟಕಿಯಿಂದ, ಮನೆಯಲ್ಲಿದ್ದರೆ ಅಂಗಳಕ್ಕೆ ಬಂದು, ಒಮ್ಮೆ ಮೇಲೆ ನೋಡಿ. ಬೆಳಗ್ಗೆ ಹತ್ತು ಹನ್ನೊಂದು ಗಂಟೆ ದಾಟಿದ್ದರೆ ಎಲ್ಲೋ ಒಂದು ಹದ್ದು ಸುತ್ತು ಹಾಕ್ತಾ ಇರಬಹುದು. ರೆಕ್ಕೆ ಬಡಿಯುವುದೇ ಇಲ್ಲ. ಆದರೂ ಕೆಳಗೆ ಬರುವುದಿಲ್ಲ, ಮೇಲೆ ಮೇಲೆ ಹೋಗುತ್ತದೆ. ಹೇಗೆ?

ನಾನು ಕಾರ್ಕಳದವ. ಚಿಕ್ಕಂದಿನಿಂದ ಗೊಮ್ಮಟ ಬೆಟ್ಟದ ಮೇಲೆ ಹದ್ದು ನೋಡಿಯೇ ಬೆಳೆದದ್ದು. ಆದರೆ ಈ ಪ್ರಶ್ನೆ ತಲೆಗೆ ಬಂದದ್ದು ಕಾರ್ಕಳದಲ್ಲಿ ಅಲ್ಲ, ದೂರದ ಹಿಮಾಚಲ ಪ್ರದೇಶದಲ್ಲಿ. ಅಲ್ಲಿ ಬೀಡ್ ಎಂಬ ಊರುಂಟು. ಅದರ ಮೇಲಿನ ಗುಡ್ಡ ಬಿಲ್ಲಿಂಗ್, ಸುಮಾರು 2,400 ಮೀಟರ್ ಎತ್ತರ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್‌ನ ಒಂದು ಸುತ್ತು ನಡೆದ ಜಾಗ. ನಾನು ಹೋದದ್ದು ಸ್ಪರ್ಧೆಗಲ್ಲ ಮಾರಾಯ್ರೆ, ಪೈಲಟ್ ಜೊತೆ ಕಟ್ಟಿಕೊಂಡು ಹಾರುವ ಟ್ಯಾಂಡಮ್ ಹಾರಾಟಕ್ಕೆ. ಇಳಿಜಾರಲ್ಲಿ ಹತ್ತು ಹೆಜ್ಜೆ ಓಡಿದೆ. ಹನ್ನೊಂದನೇ ಹೆಜ್ಜೆಗೆ ನೆಲ ಇರಲಿಲ್ಲ.

ಸತ್ಯ ಹೇಳ್ತೇನೆ, ಮೊದಲ ಎರಡು ನಿಮಿಷ ಕಣ್ಣು ಬಿಡಲಿಲ್ಲ. ಹಿಂದಿದ್ದ ಪೈಲಟ್ ಭುಜ ತಟ್ಟಿ, "ಅಗೋ, ಆ ಹಕ್ಕಿ ನೋಡಿ. ನಾವೂ ಅಲ್ಲಿಗೇ ಹೋಗೋದು" ಅಂದ. ಒಂದು ದೊಡ್ಡ ರಣಹದ್ದು ಸುತ್ತುತ್ತಾ ಇತ್ತು. ಅದರ ಹತ್ತಿರ ಹೋದದ್ದೇ ತಡ, ಯಾರೋ ಕೆಳಗಿನಿಂದ ಕುರ್ಚಿ ಎತ್ತಿದ ಹಾಗಾಯಿತು. ಪೈಲಟ್ ಹತ್ತಿರದ ಸಣ್ಣ ಯಂತ್ರ ಪೀಂ ಪೀಂ ಅನ್ನತೊಡಗಿತು. ನಾವು ಏರುತ್ತಾ ಇದ್ದೆವು. ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಪಕ್ಕದಲ್ಲಿ ರಣಹದ್ದು ಕತ್ತು ತಿರುಗಿಸಿ ನಮ್ಮನ್ನೇ ನೋಡ್ತಾ ಇತ್ತು. ಹೆದರಿಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಜೋರಾಗಿ ನಕ್ಕುಬಿಟ್ಟೆ.

ಈ ಪಾಠ ಮನುಷ್ಯನಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಜರ್ಮನಿಯ ಓಟೋ ಲಿಲಿಯೆಂಥಾಲ್ ಕೊಕ್ಕರೆಗಳನ್ನು ಗಮನಿಸಿ 1889ರಲ್ಲಿ ಒಂದು ಪುಸ್ತಕವನ್ನೇ ಬರೆದ. 1891ರಿಂದ ತಾನೇ ರೆಕ್ಕೆ ಕಟ್ಟಿ ಗುಡ್ಡದಿಂದ ಜಾರತೊಡಗಿದ. ಸುಮಾರು ಎರಡು ಸಾವಿರ ಸಲ ಹಾರಿದ. ಆದರೆ ಅವನದು ಬಹುತೇಕ ಮೇಲಿನಿಂದ ಕೆಳಗೆ ಜಾರುವ ಹಾರಾಟ. ಕೊಕ್ಕರೆ ಹಾಗೆ ಮೇಲೆಯೇ ಉಳಿಯಲು ಆಗಲಿಲ್ಲ. 1896ರ ಆಗಸ್ಟ್‌ನಲ್ಲಿ ಗಾಳಿಯಲ್ಲಿ ಹಿಡಿತ ತಪ್ಪಿ ಬಿದ್ದು ತೀರಿಕೊಂಡ. ಕಣ್ಣಿಗೆ ಕಾಣದ ಗಾಳಿಯನ್ನು ಓದಲು ಆಗ ಯಾರಿಗೂ ಬರುತ್ತಿರಲಿಲ್ಲ.

ಈಗ ಕತೆ ನಮ್ಮ ದೇಶಕ್ಕೆ ಬರುತ್ತದೆ. ಆಗ್ರಾದಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಇದ್ದ. ಅವನ ಕೆಲಸ ಕಾಲರಾ ರೋಗಾಣುಗಳ ಅಧ್ಯಯನ. ಗಂಗೆ, ಯಮುನೆಯ ನೀರಿನಲ್ಲಿ ಕಾಲರಾ ರೋಗಾಣು ಸಾಯುತ್ತದೆ ಅಂತ 1896ರಲ್ಲಿ ಬರೆದದ್ದು ಇವನೇ. ಬಿಡುವಾದಾಗ ಈ ಮನುಷ್ಯ ಮಾಡುತ್ತಿದ್ದದ್ದು ಹದ್ದು ನೋಡುವುದು! ಬೆಳಗ್ಗೆ ಎಷ್ಟು ಗಂಟೆಗೆ ಯಾವ ಹಕ್ಕಿ ರೆಕ್ಕೆ ಬಡಿಯುವುದನ್ನು ನಿಲ್ಲಿಸಿ ತೇಲುತ್ತದೆ ಅಂತ ಬರೆದಿಡುತ್ತಿದ್ದ. ಒಂದು ಕ್ರಮ ಸಿಕ್ಕಿತು. ಬಿಸಿಲೇರಿದ ಮೇಲೆ ಮೊದಲು ಹಗುರವಾದ ಹದ್ದು ತೇಲುತ್ತದೆ, ಭಾರದ ರಣಹದ್ದು ಆಮೇಲೆ. 1913ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ.

ತಮಾಷೆ ಏನು ಗೊತ್ತುಂಟಾ? ನೋಡಿದ್ದು ಸರಿ, ಕೊಟ್ಟ ಕಾರಣ ತಪ್ಪು. ಏರುವ ಗಾಳಿಯೇ ಇದಕ್ಕೆ ಕಾರಣ ಎಂದು ಹ್ಯಾಂಕಿನ್ ಒಪ್ಪಲಿಲ್ಲ. ಒಪ್ಪಿದವನು ಗಿಲ್ಬರ್ಟ್ ವಾಕರ್, ಆಗ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥ. ನಮ್ಮ ಮುಂಗಾರನ್ನು ಮೊದಲೇ ಹೇಳಲಾಗುತ್ತದಾ ಅಂತ ಹುಡುಕುತ್ತಾ, ಇವತ್ತು ಎಲ್ ನಿನೊ ಜೊತೆ ಸೇರಿಸಿ ಹೇಳುವ ಪೆಸಿಫಿಕ್ ಸಾಗರದ ಒತ್ತಡದ ಏರಿಳಿತವನ್ನು ಗುರುತಿಸಿದವನು. ರೆಕ್ಕೆ ಬಡಿಯದ ಹಕ್ಕಿಗಳ ಬಗ್ಗೆಯೂ 1923ರಲ್ಲಿ ಪ್ರಬಂಧ ಬರೆದ.

ಲೆಕ್ಕ ಸರಳ. ಬಿಸಿಲಿಗೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಕಂಬದ ಹಾಗೆ ಏಳುತ್ತದೆ. ಇದಕ್ಕೆ ಥರ್ಮಲ್ ಅಂತಾರೆ. ಪ್ಯಾರಾಗ್ಲೈಡರ್ ಸದಾ ಕೆಳಗೆ ಇಳೀತಾನೇ ಇರುತ್ತದೆ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ಗಾಳಿ ಎರಡು ಮೀಟರ್ ವೇಗದಲ್ಲಿ ಏರಿದರೆ ನೀವು ಒಂದು ಮೀಟರ್ ಮೇಲೆ ಹೋದಿರಿ. ಮಾಲ್‌ನಲ್ಲಿ ಮೇಲೆ ಹೋಗುವ ಎಸ್ಕಲೇಟರ್‌ನಲ್ಲಿ ನಿಧಾನವಾಗಿ ಕೆಳಗೆ ನಡೆದ ಹಾಗೆ. ಹದ್ದು ಸುತ್ತುವುದು ಆ ಕಂಬದಿಂದ ಹೊರಗೆ ಬೀಳಬಾರದು ಅಂತ.

ಇನ್ನೊಂದು ದಾರಿ, ಇಳಿಜಾರಿಗೆ ಬಡಿದು ಮೇಲೇಳುವ ಗಾಳಿ. 1911ರ ಅಕ್ಟೋಬರ್‌ನಲ್ಲಿ ಆರ್ವಿಲ್ ರೈಟ್ ಕಡಲ ತೀರದ ಮರಳು ದಿಬ್ಬದ ಮೇಲೆ ಇಂಜಿನ್ ಇಲ್ಲದೆ 9 ನಿಮಿಷ 45 ಸೆಕೆಂಡ್ ನಿಂತದ್ದು ಇದರಿಂದಲೇ. 1928ರಲ್ಲಿ ಆಸ್ಟ್ರಿಯಾದ ರಾಬರ್ಟ್ ಕ್ರೋನ್‌ಫೆಲ್ಡ್ ಗ್ಲೈಡರ್‌ನಲ್ಲಿ ಏರಿಳಿತ ಅಳೆಯುವ ವೇರಿಯೋಮೀಟರ್ ಇಟ್ಟುಕೊಂಡು ಹಾರಿದ. ಬೀಡ್‌ನಲ್ಲಿ ಪೀಂ ಪೀಂ ಅಂದದ್ದು ಅದರ ಮರಿಮೊಮ್ಮಗ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಎಂಬ ಗಾಳಿಪಟ ತಯಾರಕ, ಗಾಳಿ ತುಂಬಿ ರೆಕ್ಕೆಯಾಗುವ ಬಟ್ಟೆ ಕಂಡುಹಿಡಿದ. 1978ರಲ್ಲಿ ಫ್ರಾನ್ಸ್‌ನ ಮಿಯೂಸಿಯಲ್ಲಿ ಮೂವರು ಅಂಥ ಪ್ಯಾರಾಶೂಟ್ ಹಿಡಿದು ಗುಡ್ಡದಿಂದ ಓಡಿ ಹಾರಿದರು. ಬ್ಯಾಗಿನಲ್ಲಿ ಮಡಚಿ ಒಯ್ಯುವ ವಿಮಾನ ಹುಟ್ಟಿತು.

ಊರಿಗೆ ಬಂದ ಮೇಲೆ ನಾನು ಹ್ಯಾಂಕಿನ್ ಮಾಡಿದ್ದನ್ನೇ ಮಾಡಿದೆ. ಬೆಳಗ್ಗೆ ಎಂಟಕ್ಕೆ ಗೊಮ್ಮಟ ಬೆಟ್ಟ ಹತ್ತಿ ಕೂತೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ ಬೆನ್ನ ಹಿಂದೆ, ಕೈಯಲ್ಲಿ ನೋಟ್‌ಬುಕ್. ಎಂಟೂವರೆಗೆ ಹದ್ದುಗಳು ರೆಕ್ಕೆ ಬಡಿದು ಕಷ್ಟಪಟ್ಟು ಹಾರ್ತಾ ಇದ್ದವು. ಹತ್ತು ದಾಟುವಾಗ ಬಂಡೆ ಬರಿಗಾಲಿಗೆ ಬಿಸಿ ತಾಗತೊಡಗಿತು. ಸ್ವಲ್ಪ ಹೊತ್ತಲ್ಲೇ ಮೊದಲ ಹದ್ದು ರೆಕ್ಕೆ ಬಿಡಿಸಿ ಸುಮ್ಮನಾಯಿತು, ಸುತ್ತಿತು, ಏರಿತು. ನನ್ನ ಕಾಲು ಸುಟ್ಟ ಬಿಸಿಯೇ ಅದನ್ನು ಎತ್ತಿದ್ದು!

ಕಾಪುವಿನಲ್ಲಿ ಲೆಕ್ಕ ಬೇರೆ. 1901ರ ದೀಪಸ್ತಂಭ ನಿಂತ ಬಂಡೆಗೆ ಸಂಜೆ ಕಡಲಗಾಳಿ ಬಡಿಯುತ್ತದೆ. ಅಲ್ಲಿ ಗರುಡ ಸುತ್ತುವುದಿಲ್ಲ, ನೂಲು ಕಟ್ಟಿದ ಹಾಗೆ ಒಂದೇ ಕಡೆ ನಿಲ್ಲುತ್ತದೆ. ಮಣಿಪಾಲದ ಎಂಡ್ ಪಾಯಿಂಟ್‌ಗೆ ಹೋದರೆ ಇನ್ನೊಂದು ಮಜಾ. ಸ್ವರ್ಣಾ ನದಿಯ ಕಡೆ ನೋಡುವಾಗ ಹದ್ದಿನ ಹೊಟ್ಟೆ ಅಲ್ಲ, ಬೆನ್ನು ಕಾಣುತ್ತದೆ. ಸೆಲ್ಫಿ ಮುಗಿದ ಮೇಲೆ ಅದನ್ನೂ ನೋಡಿ.

ಹಾಗಾದರೆ ನಾವೂ ಇಲ್ಲಿಂದಲೇ ಹಾರಬಹುದಾ ಅಂತ ಕೇಳ್ತೀರಿ. ಜಾಗ್ರತೆ. ಕಾಪುವಿನ ಬಂಡೆ ಗರುಡನಿಗೆ ಸಾಕು, ಮನುಷ್ಯನ ಭಾರಕ್ಕೆ ಸಾಲದು. ಕೆಳಗೆ ಇಳಿಯಲು ನೋಡಿದರೆ ತೆಂಗು, ಅಡಿಕೆ, ಕರೆಂಟ್ ತಂತಿ. ಮಲ್ಪೆಯಲ್ಲಿ ಬೋಟ್ ಎಳೆಯುವ ಪ್ಯಾರಾಸೇಲಿಂಗ್ ಬೇರೆಯೇ ಆಟ, ಅಲ್ಲಿ ಎತ್ತುವುದು ಬೋಟು. ಪ್ಯಾರಾಗ್ಲೈಡಿಂಗ್‌ನಲ್ಲಿ ಗಾಳಿಯೇ ಎಲ್ಲ. ಅದನ್ನು ಓದಲು ಬಾರದಿದ್ದರೆ ಲಿಲಿಯೆಂಥಾಲ್‌ನ ಗತಿ. ತರಬೇತಿ ಇಲ್ಲದೆ ಯೂಟ್ಯೂಬ್ ನೋಡಿ ಮಾಡುವ ಕೆಲಸ ಇದಲ್ಲ.

ಕೊನೆಗೆ ಒಂದು ಬೇಸರದ ಸಂಗತಿ. ಹ್ಯಾಂಕಿನ್‌ಗೆ ಪಾಠ ಹೇಳಿದ ರಣಹದ್ದುಗಳು 1990ರ ದಶಕದಿಂದ ದೇಶದಲ್ಲಿ ಸತ್ತುಹೋದವು. ಬಿಳಿಬೆನ್ನಿನ ರಣಹದ್ದಂತೂ ನೂರಕ್ಕೆ 99ಕ್ಕೂ ಹೆಚ್ಚು ಇಲ್ಲವಾಯಿತು. ಕಾರಣ, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಔಷಧಿ. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಮಾಡಿದರು. ಅಜ್ಜಿ ಹೇಳ್ತಿದ್ದರು, ಅವರ ಕಾಲದಲ್ಲಿ ದನ ಸತ್ತರೆ ಆಕಾಶ ಕಪ್ಪಾಗುತ್ತಿತ್ತಂತೆ. ಬೆಟ್ಟದ ಮೇಲೆ ಕೂತ ಆ ದಿನ ಮಧ್ಯಾಹ್ನದವರೆಗೂ ಕಾದೆ. ಹದ್ದುಗಳ ನಂತರ ಏರಬೇಕಾದ ಆ ಭಾರದ ಹಕ್ಕಿ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿಯೇ ಉಳಿಯಿತು.

ಕರಾವಳಿಯ ರಥೋತ್ಸವಗಳಲ್ಲಿ ತೇರಿನ ಮೇಲೆ ಗರುಡ ಸುತ್ತಲಿ ಅಂತ ಜನ ಮೇಲೆ ನೋಡುತ್ತಾ ನಿಲ್ತಾರೆ. ಉಳಿದ ದಿನವೂ ಒಮ್ಮೆ ನೋಡಿ. ನಾಳೆ ಬೆಳಗ್ಗೆ ನಿಮ್ಮ ಊರಲ್ಲಿ ಮೊದಲ ಹದ್ದು ರೆಕ್ಕೆ ಬಡಿಯುವುದನ್ನು ನಿಲ್ಲಿಸಿದ್ದು ಎಷ್ಟು ಗಂಟೆಗೆ ಅಂತ ಬರೆದಿಡಿ.